ತುಲಾಭಾರದ ತಕ್ಕಡಿಯಲ್ಲಿ ಸಿಕ್ಕ ಲ್ಯಾಟಿನ್ ಕ್ರಿಯಾಪದ

"ಮೇಡಂ, ಫೆರ ಅಂದ್ರೆ ಹಣ್ಣು ಅಂತ ಹೇಳಿದ್ರಲ್ಲ. ಹಾಗಾದ್ರೆ ಎಪಿಸ್ ಮೆಲ್ಲಿಫೆರ ಅನ್ನೋದ್ರಲ್ಲಿ ಹಣ್ಣೆಲ್ಲಿದೆ?"

ಏಳು ವರ್ಷದ ಹಿಂದೆ ಬಿಎಸ್ಸಿ ಎರಡನೇ ವರ್ಷದ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಅವರ ಮನೆಯಲ್ಲಿ ಜೇನು ಸಾಕುತ್ತಿದ್ದರು. ತುಡುವೆ ಪೆಟ್ಟಿಗೆಗಳ ಜೊತೆಗೆ ಯುರೋಪಿನ ಜೇನಿನ ಪೆಟ್ಟಿಗೆಗಳೂ ಇದ್ದವು. ಆ ಯುರೋಪಿನ ಜೇನಿನ ಶಾಸ್ತ್ರೀಯ ಹೆಸರೇ ಎಪಿಸ್ ಮೆಲ್ಲಿಫೆರ. ನಾನು ಸಸ್ಯಶಾಸ್ತ್ರ ಪಾಠ ಮಾಡುವವಳು. ಮಾವು ಮ್ಯಾಂಜಿಫೆರ, ತೆಂಗು ನ್ಯೂಸಿಫೆರ, ದ್ರಾಕ್ಷಿ ವಿನಿಫೆರ, ನುಗ್ಗೆ ಓಲಿಫೆರ. ಎಲ್ಲದರಲ್ಲೂ ಕಾಯಿಯೋ ಹಣ್ಣೋ ಇದೆ. ಹಾಗಾಗಿ ಫೆರ ಅಂದರೆ ಹಣ್ಣು ಎಂದು ನಾನೇ ಅಂದುಕೊಂಡು, ವರ್ಷಗಟ್ಟಲೆ ಮಕ್ಕಳಿಗೂ ಹಾಗೇ ಹೇಳಿಕೊಂಡು ಬಂದಿದ್ದೆ. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ನೋಡಿ ಹೇಳ್ತೀನಪ್ಪ" ಅಂದೆ.

ರಾತ್ರಿ ಹುಡುಕಿದೆ. ಫೆರ ಹಣ್ಣಲ್ಲ. ಫೆರೋ ಎಂಬ ಲ್ಯಾಟಿನ್ ಕ್ರಿಯಾಪದದ ಬಾಲ ಅದು. ಹೊರುವುದು, ತರುವುದು ಅಂತ ಅರ್ಥ. ಮೆಲ್ ಅಂದರೆ ಜೇನುತುಪ್ಪ. ಮೆಲ್ಲಿಫೆರ ಅಂದರೆ ಜೇನು ಹೊತ್ತು ತರುವುದು. 1758ರಲ್ಲಿ ಈ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್. ಹುಳ ಹೊತ್ತು ತರುವುದು ಮಕರಂದವನ್ನು, ತುಪ್ಪ ತಯಾರಾಗುವುದು ಗೂಡಿನಲ್ಲಿ ಅಲ್ವಾ? ಅವನಿಗೂ ಅದು ಹೊಳೆದಿರಬೇಕು. 1761ರಲ್ಲಿ ಹೆಸರನ್ನು ಮೆಲ್ಲಿಫಿಕ ಎಂದು ಬದಲಿಸಿದ. ಜೇನು ಮಾಡುವುದು ಅಂತ. ಆದರೆ ಮೊದಲು ಇಟ್ಟ ಹೆಸರೇ ಉಳಿಯಬೇಕು ಎನ್ನುವುದು ನಾಮಕರಣದ ನಿಯಮ. ಹಾಗಾಗಿ ಇವತ್ತಿಗೂ ಅದು ಮೆಲ್ಲಿಫೆರವೇ. ಮರುದಿನ ತರಗತಿಯಲ್ಲಿ ಇದನ್ನು ಹೇಳಿ, ನಾನು ಇಷ್ಟು ದಿನ ಹೇಳಿದ್ದು ತಪ್ಪು ಎಂದೂ ಹೇಳಿದೆ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಆ ರಾತ್ರಿ ನಿಘಂಟಿನಲ್ಲಿ ಫೆರೋ ಪದದ ವಿವರಣೆ ಎಷ್ಟು ಉರುಳಿಸಿದರೂ ಮುಗಿದಿರಲಿಲ್ಲ. ಲೂಯಿಸ್ ಮತ್ತು ಶಾರ್ಟ್ ಅವರ 1879ರ ಲ್ಯಾಟಿನ್ ನಿಘಂಟು ಅದು, ಅಂತರ್ಜಾಲದಲ್ಲಿ ಸುಮ್ನೆ ಓದಲು ಸಿಗುತ್ತದೆ. ಒಂದು ಪುಟ್ಟ ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು? ಈ ಒಂದು ಕ್ರಿಯಾಪದವನ್ನು ಬುಡಸಮೇತ ತಿಳಿದುಕೊಳ್ಳಬೇಕು ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು. 1935ರಿಂದ 2011ರ ಕೊನೆಯವರೆಗೆ ಹೊಸ ಗಿಡವೊಂದಕ್ಕೆ ಹೆಸರಿಡಬೇಕಾದರೆ ಅದರ ವಿವರಣೆಯನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು. ನಮ್ಮ ಹಿಂದಿನವರು ಆ ಕಷ್ಟ ಪಟ್ಟು ಕೆಲಸ ಮಾಡಿದ್ದಾರೆ. ಅವರು ಬರೆದದ್ದನ್ನು ಓದಲು ಬಾರದೆ ನಾನು ಪಾಠ ಮಾಡುತ್ತಿದ್ದೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ನಿಘಂಟಿನಲ್ಲಿದ್ದ ಇಂಗ್ಲಿಷ್ ಅರ್ಥಗಳನ್ನು ಒಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿದೆ. ಹದಿನೈದು ಅರ್ಥ. ಮೂರು ವಾರ ಕಳೆದರೂ ಒಂದು ವಾಕ್ಯ ಎದುರಿಗೆ ಬಂದರೆ ಯಾವ ಅರ್ಥ ಹಾಕಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಉದಾಹರಣೆಗೆ ಐಗ್ರೇ ಫೆರ್ತ್ ಅಂತ ಬಂತು. ಐಗ್ರೇ ಅಂದರೆ ಕಷ್ಟದಿಂದ. 'ಅವನು ಕಷ್ಟಪಟ್ಟು ಹೊರುತ್ತಾನೆ' ಅಂತ ಬರೆದುಕೊಂಡೆ. ಆದರೆ ಅಲ್ಲಿ ಯಾರ ತಲೆ ಮೇಲೂ ಹೊರೆ ಇರಲಿಲ್ಲ. ಯಾರೋ ಆಡಿದ ಮಾತಿಗೆ ಅವನು ನೊಂದುಕೊಂಡಿದ್ದ, ಅಷ್ಟೆ.

ಆ ಪಟ್ಟಿಯನ್ನು ಬದಿಗಿಟ್ಟೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಫೆರೋ ಬರುವ ವಾಕ್ಯ ಸಿಕ್ಕಿದಾಗೆಲ್ಲ ಎಡಗಡೆ ಪುಟದಲ್ಲಿ ಲ್ಯಾಟಿನ್ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದೆ. ಬಲಗಡೆ, ಇದೇ ಮಾತನ್ನು ನಮ್ಮ ಮನೆಯಲ್ಲಿ ಹೇಗೆ ಹೇಳುತ್ತೇವೆ ಎಂದು ಕೇಳಿಕೊಂಡು ಬರೆದೆ. ಇಂಗ್ಲಿಷನ್ನು ನಡುವೆ ತರಲೇಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಈ ಒಂದು ಬದಲಾವಣೆಯಿಂದ ಪದ ನನ್ನ ಕೈಗೆ ಹತ್ತಿತು.

ಕನ್ನಡ ಲಿಪಿ ಇದಕ್ಕೆ ಇಷ್ಟು ಚೆನ್ನಾಗಿ ಒದಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಲ್ಯಾಟಿನ್‌ನಲ್ಲಿ ಹ್ರಸ್ವ ಎ ಬೇರೆ, ದೀರ್ಘ ಏ ಬೇರೆ. ಒ, ಓ ಕೂಡ ಹಾಗೇ. ರೋಮನ್ ಅಕ್ಷರದಲ್ಲಿ ಅದಕ್ಕೆ ಮೇಲೊಂದು ಗೆರೆ ಎಳೆಯಬೇಕು, ಎಷ್ಟೋ ಪುಸ್ತಕಗಳು ಎಳೆಯುವುದೂ ಇಲ್ಲ. ನಾವು ಫೆರೋ ಅಂತ ಬರೆದರೆ ಸಾಕು, ಫೆ ಹ್ರಸ್ವ, ರೋ ದೀರ್ಘ, ಎರಡೂ ಕಣ್ಣಿಗೆ ಕಾಣುತ್ತವೆ. ಒತ್ತಕ್ಷರವೂ ಅಷ್ಟೇ. ಫೆರೋ ಅಂದರೆ ಹೊರುತ್ತೇನೆ. ಫೆರ್ರೋ ಅಂದರೆ ಕಬ್ಬಿಣದಿಂದ, ಅಂದರೆ ಕತ್ತಿಯಿಂದ. ಕತೆ ಮತ್ತು ಕತ್ತೆಯ ವ್ಯತ್ಯಾಸ ಗೊತ್ತಿರುವ ನಮಗೆ ಇದು ಕಷ್ಟವಲ್ಲ. ಒಂದು ಕಡೆ ಮಾತ್ರ ಎಚ್ಚರ ಬೇಕು. ನಮ್ಮ ನಾಲಿಗೆಗೆ ವ್ಯಂಜನದ ಪಕ್ಕ ಒಂದು ಸ್ವರ ಸೇರಿಸುವ ಅಭ್ಯಾಸ. ಬಸ್ಸನ್ನು ಬಸ್ಸು ಅಂತೀವಿ. ಇಲ್ಲಿ ಹಾಗೆ ಸೇರಿಸಿದರೆ ಅರ್ಥವೇ ಕೆಡುತ್ತದೆ. ಫೆರ್ತ್ ಅಂದರೆ ಹೊರುತ್ತಾನೆ, ಫೆರಿತ್ ಅಂದರೆ ಹೊಡೆಯುತ್ತಾನೆ. ಬೇರೆ ಕ್ರಿಯಾಪದಗಳಲ್ಲಿ ನಡುವೆ ಬರುವ ಇ ಸ್ವರ ಫೆರೋದಲ್ಲಿ ಕೆಲವು ಕಡೆ ಬರುವುದಿಲ್ಲ. ಫೆರ್ಸ್, ಫೆರ್ತ್, ಫೆರ್ತಿಸ್, ಅಂದರೆ ಹೊರುತ್ತೀಯ, ಹೊರುತ್ತಾನೆ, ಹೊರುತ್ತೀರಿ. ಆದರೆ ಹೊರುತ್ತೇವೆ ಅನ್ನಲು ಫೆರಿಮುಸ್.

ಆಜ್ಞೆ ಮಾಡುವಾಗ ಇನ್ನೂ ಮೊಟಕು. ಸುಮ್ನೆ ಫೆರ್. ಲ್ಯಾಟಿನ್ ಕಲಿಯುವವರೆಲ್ಲ ಈ ನಾಲ್ಕನ್ನು ಒಟ್ಟಿಗೆ ಬಾಯಿಪಾಠ ಮಾಡುತ್ತಾರೆ: ದೀಕ್, ದೂಕ್, ಫಕ್, ಫೆರ್. ಹೇಳು, ಕರೆದೊಯ್ಯಿ, ಮಾಡು, ತಾ. ಕೊನೆಯ ಪದ ಬರೆಯುವಾಗ ಗಮನಿಸಿದೆ. ಕನ್ನಡದಲ್ಲೂ ತರು ಎಂಬ ಧಾತು ಆಜ್ಞೆಯಲ್ಲಿ ತಾ ಆಗಿಬಿಡುತ್ತದೆ, ಬರು ಬಾ ಆದ ಹಾಗೆ. ದಿನಕ್ಕೆ ನೂರು ಸಲ ಬಳಸುವ ಪದ ಸವೆದು ಚಿಕ್ಕದಾಗಿದೆ. ಆಮೇಲೆ ಫೆರ್ ಎಂಬ ರೂಪ ನನಗೆ ಮರೆತದ್ದೇ ಇಲ್ಲ.

ಈಗ ಅರ್ಥಗಳಿಗೆ ಬರುತ್ತೇನೆ. ಫೆರೋದ ಒಳಗೆ ನಮ್ಮ ಮೂರು ಕ್ರಿಯಾಪದಗಳಿವೆ: ಹೊರು, ತರು, ತಾಳು. ರೋಮನ್ ಕವಿ ವರ್ಜಿಲ್‌ನ ಕಾವ್ಯದಲ್ಲಿ ಟ್ರಾಯ್ ಊರಿನ ಮುಂದೆ ಮರದ ಕುದುರೆ ನಿಂತಾಗ, ಗ್ರೀಕರು ಕಾಣಿಕೆ ತಂದರೂ ನನಗೆ ಭಯವೇ ಎನ್ನುತ್ತಾನೆ ಪೂಜಾರಿ ಲಾಒಕೊಓನ್. ಅಲ್ಲಿರುವುದು ಫೆರೆಂತೇಸ್. ನಾನು ಮೊದಲು 'ತರುವವರು' ಅಂತ ಬರೆದೆ. ಆಮೇಲೆ ಹೊಡೆದುಹಾಕಿ 'ಹೊತ್ತು ತರುವವರು' ಅಂತ ಬರೆದೆ. ನಾವು ಎರಡು ಕ್ರಿಯಾಪದ ಜೋಡಿಸಿ ಹೇಳುವುದನ್ನು ಅವರು ಒಂದರಲ್ಲಿ ಹೇಳುತ್ತಾರೆ.

ತಾಳು ಎಂಬ ಅರ್ಥ ನನಗೆ ಇನ್ನೊಬ್ಬ ರೋಮನ್ ಕವಿ ಓವಿದ್‌ನ ಎರಡು ಸಾಲಿನಿಂದ ಗಟ್ಟಿಯಾಯಿತು. ನೋಟ್‌ಬುಕ್‌ನಲ್ಲಿ ನಾನು ಜಾಸ್ತಿ ಸಲ ತಿರುವಿ ನೋಡಿದ ಪುಟ ಅದು.

ಪೆರ್ಫೆರ್ ಎತ್ ಒಬ್ದೂರಾ, ದೊಲೊರ್ ಹಿಕ್ ತಿಬಿ ಪ್ರೋದೆರಿತ್ ಓಲಿಮ್.
ಸೈಪೆ ತುಲಿತ್ ಲಸ್ಸೀಸ್ ಸೂಕುಸ್ ಅಮಾರುಸ್ ಒಪೆಮ್.

ಪ್ರೀತಿಯಲ್ಲಿ ಸೋತವನೊಬ್ಬ ತನಗೆ ತಾನೇ ಹೇಳಿಕೊಳ್ಳುವ ಮಾತು. ಪೆರ್ ಅಂದರೆ ಕೊನೆವರೆಗೂ. ಕೊನೆವರೆಗೂ ಹೊರು, ಅಂದರೆ ತಾಳಿಕೋ. ಗಟ್ಟಿಯಾಗು. ಈ ನೋವು ಮುಂದೊಂದು ದಿನ ನಿನ್ನ ಉಪಯೋಗಕ್ಕೆ ಬರುತ್ತದೆ. ಎಷ್ಟೋ ಸಲ ಕಹಿ ರಸವೇ ಬಳಲಿದವರಿಗೆ ಗುಣ ತಂದಿದೆ. ಸೂಕುಸ್ ಅಮಾರುಸ್, ಕಹಿ ರಸ. ಅಮ್ಮ ಅಮೃತಬಳ್ಳಿ ಜಜ್ಜಿ ಕಷಾಯ ಕಾಯಿಸಿ, ಮೂಗು ಮುಚ್ಚಿಕೊಂಡು ಕುಡಿ ಎನ್ನುತ್ತಿದ್ದ ಲೋಟ ಕಣ್ಣ ಮುಂದೆ ಬಂತು. ಮೊದಲ ಸಾಲಿನಲ್ಲಿ ಪೆರ್ಫೆರ್, ಅಲ್ಲಿ ಅದೇ ಕ್ರಿಯಾಪದ 'ತಾಳು'. ಎರಡನೇ ಸಾಲಿನಲ್ಲಿ ತುಲಿತ್, ಅದೂ ಅದೇ ಕ್ರಿಯಾಪದ, ಆದರೆ 'ತಂದಿದೆ'. ಎರಡು ಸಾಲಿನೊಳಗೆ ಎರಡು ಅರ್ಥ, ಎರಡು ಬೇರೆ ಬೇರೆ ರೂಪ.

ಐಗ್ರೇ ಫೆರ್ತ್ ಎಂಬುದಕ್ಕೂ ಆಗ ಕನ್ನಡ ಸಿಕ್ಕಿತು: ಬೇಸರ ಮಾಡಿಕೊಂಡ. ಇನ್ನೂ ಬಲವಾಗಿ ಹೇಳಬೇಕಾದರೆ ರೋಮನ್ನರು ಗ್ರವಿತೆರ್ ಫೆರ್ತ್ ಅಂತಾರೆ, ಭಾರವಾಗಿ ಹೊರುತ್ತಾನೆ ಅಂತ. ನಾವು ಮನಸ್ಸು ಭಾರ ಮಾಡಿಕೊಂಡ ಅನ್ನುವುದಿಲ್ಲವೇ?

ಭೂಮಿ ಬೆಳೆ ಕೊಡುವುದಕ್ಕೂ ಫೆರೋ. ಇಲ್ಲಿ ನಮ್ಮದು ಬಿಡು ಎಂಬ ಪದ. ಮರ ಹಣ್ಣು ಬಿಟ್ಟಿದೆ ಅಂತೀವಿ. ಅವರು ಹೊತ್ತಿದೆ ಅಂತಾರೆ. ಕೊಂಬೆ ತುಂಬ ಕಾಯಿ ತೂಗುವ ಮಾವಿನ ಮರ ನೋಡಿದರೆ ಅವರ ಮಾತೂ ಸರಿ ಅನ್ನಿಸುತ್ತದೆ. ಗಿಡಗಳ ಹೆಸರಿಗೆ ಬಂದಿರುವುದು ಈ ಅರ್ಥವೇ. ಲಿಂಗಕ್ಕೆ ತಕ್ಕಂತೆ ಬಾಲ ಬದಲಾಗುತ್ತದೆ. ತಾಳೆ ಬೊರಾಸಸ್ ಫ್ಲ್ಯಾಬೆಲ್ಲಿಫರ್, ಬೀಸಣಿಗೆ ಹೊತ್ತವನು. ತೆಂಗು ಕೋಕಸ್ ನ್ಯೂಸಿಫೆರ, ಕಾಯಿ ಹೊತ್ತವಳು. ಗಸಗಸೆ ಪ್ಯಾಪಾವರ್ ಸಾಮ್ನಿಫೆರಮ್, ನಿದ್ದೆ ತರುವಂಥದ್ದು. ಅವನು, ಅವಳು, ಅದು ಎಂದು ಹೇಳಿಕೊಟ್ಟರೆ ಮಕ್ಕಳು ತಟ್ಟನೆ ಹಿಡಿಯುತ್ತಾರೆ. ಮ್ಯಾಂಜಿಫೆರದಲ್ಲಿ ಇನ್ನೊಂದು ವಿಶೇಷ ಇದೆ. ಮುಂದಿನ ಭಾಗ ನಮ್ಮ ದಕ್ಷಿಣದ ಮಾಂಗಾ, ಪೋರ್ಚುಗೀಸರ ಬಾಯಿಂದ ಯುರೋಪಿಗೆ ಹೋದದ್ದು. ಹಿಂದಿನ ಭಾಗ ಲ್ಯಾಟಿನ್.

ನನಗೆ ತುಂಬ ಇಷ್ಟವಾದ ಬಳಕೆ ಫೆರ್ತುರ್. ಅಕ್ಷರಶಃ 'ಹೊರಲ್ಪಡುತ್ತದೆ' ಅಂತ. ಏನು ಹೊರಲ್ಪಡುತ್ತದೆ? ಸುದ್ದಿ. ಬಾಯಿಂದ ಬಾಯಿಗೆ. ವರ್ಜಿಲ್ ತನ್ನ ಮಹಾಕಾವ್ಯದ ಆರಂಭದಲ್ಲೇ ಕಾರ್ಥೇಜ್ ಊರಿನ ಬಗ್ಗೆ ಹೇಳುತ್ತಾ ಯೂನೋ ಫೆರ್ತುರ್ ಅಂತಾನೆ. ಯೂನೋ ದೇವಿ ಬೇರೆಲ್ಲ ನಾಡಿಗಿಂತ ಆ ಊರನ್ನೇ ಹೆಚ್ಚು ಅಕ್ಕರೆಯಿಂದ ಕಾಣುತ್ತಿದ್ದಳು ಎಂದು ಹೇಳಲಾಗುತ್ತದೆ, ಅಂತ ಮೊದಲು ಬರೆದೆ. ಓದಿದರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. ಎರಡು ದಿನ ಬಿಟ್ಟು, ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ ಪಕ್ಕದ ಮನೆಯ ಮದುವೆ ವಿಷಯ ಹೇಳುತ್ತಿದ್ದರು. "ಹುಡುಗ ಬೆಂಗಳೂರಲ್ಲಿದ್ದಾನಂತೆ, ಮುಂದಿನ ತಿಂಗಳು ನಿಶ್ಚಿತಾರ್ಥ ಅಂತೆ." ನಾನು ಎದ್ದು ಹೋಗಿ ನೋಟ್‌ಬುಕ್ ತೆಗೆದೆ. 'ಯೂನೋಗೆ ಬೇರೆಲ್ಲ ನಾಡಿಗಿಂತ ಆ ಊರೇ ಹೆಚ್ಚಂತೆ.' ಇಡೀ ಫೆರ್ತುರ್ ನಮ್ಮ ಒಂದು ಅಂತೆಯಲ್ಲಿ ಕೂತುಬಿಟ್ಟಿತು. ಕವಿ ತಾನು ಕಂಡದ್ದಲ್ಲ, ಕೇಳಿದ್ದು ಅಂತ ಹೇಳುತ್ತಿದ್ದಾನೆ. ಹೇಳಲಾಗುತ್ತದೆ ಎಂಬುದರಲ್ಲಿ ಆ ಧ್ವನಿ ಬರುವುದೇ ಇಲ್ಲ.

ಮನಸ್ಸಿಗೂ ಈ ಕ್ರಿಯಾಪದ ಇದೆ. ಓವಿದ್‌ನ ದೊಡ್ಡ ಕಾವ್ಯದ ಮೊದಲ ಸಾಲು: ಇನ್ ನೊವ ಫೆರ್ತ್ ಅನಿಮುಸ್ ಮೂತಾತಾಸ್ ದೀಕೆರೆ ಫೋರ್ಮಾಸ್. ಫೆರ್ತ್ ಅನಿಮುಸ್, ಮನಸ್ಸು ಒಯ್ಯುತ್ತಿದೆ. ರೂಪ ಬದಲಾದವರ ಕತೆ ಹೇಳಲು ಮನಸ್ಸು ಎಳೆಯುತ್ತಿದೆ. ಇದನ್ನು ಓದುವಾಗ ಪೆನ್ಸಿಲ್ ಹಿಡಿದು ಲಘು ಗುರು ಹಾಕಿ ನೋಡಿದೆ. ಹೈಸ್ಕೂಲಿನಲ್ಲಿ ಷಟ್ಪದಿಗೆ ಹಾಕಿದ ಹಾಗೇ. ಆರು ಗಣ, ಒಂದೊಂದಕ್ಕೂ ನಾಲ್ಕು ಮಾತ್ರೆ. ಒತ್ತಕ್ಷರದ ಹಿಂದಿನದು ಗುರು ಎಂಬ ನಿಯಮವೂ ಒಂದೇ. ಕೊನೆಯ ಅಕ್ಷರದವರೆಗೂ ಲೆಕ್ಕ ಸರಿಯಾಗಿ ಬಂತು. ಕನ್ನಡ ಮೇಷ್ಟ್ರು ಕಲಿಸಿದ ಪ್ರಸ್ತಾರ ಎರಡು ಸಾವಿರ ವರ್ಷದ ಹಿಂದಿನ ಲ್ಯಾಟಿನ್ ಸಾಲಿಗೆ ಹೊಂದಿದಾಗ ಆದ ಸಂತೋಷ ಹೇಳತೀರದು.

ಇಷ್ಟೆಲ್ಲ ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ಈ ಕ್ರಿಯಾಪದದ ಮುಖ್ಯ ರೂಪಗಳು ಫೆರೋ, ಫೆರ್ರೆ, ತುಲೀ, ಲಾತುಮ್. ಹೊರುತ್ತೇನೆ, ಹೊರಲು, ಹೊತ್ತೆ, ಹೊತ್ತದ್ದು. ಫೆರೋ ಎಲ್ಲಿ, ತುಲೀ ಎಲ್ಲಿ? ಬೇರೆ ಬೇರೆ ಬೇರಿನ ಪದಗಳು ಒಂದೇ ಕ್ರಿಯಾಪದದೊಳಗೆ ಸೇರಿಕೊಂಡಿವೆ ಎಂದು ವ್ಯಾಕರಣ ಪುಸ್ತಕ ಹೇಳಿತ್ತು. ಓದಿದೆ, ಆದರೆ ತಲೆಯಲ್ಲಿ ನಿಲ್ಲಲಿಲ್ಲ. ತುಲೀ ಬಂದಾಗೆಲ್ಲ ಹಿಂದಿನ ಪುಟ ತಿರುವಬೇಕಿತ್ತು.

ಆ ವರ್ಷ ಅಕ್ಕನ ಮಗನಿಗೆ ಹರಕೆ ಇತ್ತು. ದೇವಸ್ಥಾನದಲ್ಲಿ ದೊಡ್ಡ ತಕ್ಕಡಿ, ಸರಪಳಿಗೆ ಕಟ್ಟಿದ ಎರಡು ತಟ್ಟೆ. ಒಂದು ತಟ್ಟೆಯಲ್ಲಿ ಹುಡುಗನನ್ನು ಕೂರಿಸಿದರು. ಅವನು ಎರಡೂ ಕೈಯಲ್ಲಿ ಸರಪಳಿ ಗಟ್ಟಿಯಾಗಿ ಹಿಡಿದುಕೊಂಡ. ಇನ್ನೊಂದಕ್ಕೆ ಭಟ್ಟರು ಬೆಲ್ಲದ ಅಚ್ಚು ಪೇರಿಸುತ್ತಾ ಹೋದರು. ಸ್ವಲ್ಪ ಹೊತ್ತು ಏನೂ ಅಲುಗಲಿಲ್ಲ. ಕೊನೆಯ ಎರಡು ಅಚ್ಚು ಇಟ್ಟಾಗ ಹುಡುಗ ನೆಲ ಬಿಟ್ಟು ಮೇಲೆದ್ದ. "ತುಲಾಭಾರ ಆಯ್ತು" ಅಂದರು ಭಟ್ಟರು.

ತುಲಾ. ಭಾರ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತೆ. ತುಲೀ, ಫೆರೋ.

ಮನೆಗೆ ಬಂದು ವ್ಯುತ್ಪತ್ತಿ ನಿಘಂಟು ನೋಡಿದೆ. ಹೌದು. ಸಂಸ್ಕೃತದ ಭರ್ ಧಾತು, ಅಂದರೆ ನಮ್ಮ ಭಾರ, ವೆಚ್ಚ ಭರಿಸು ಎನ್ನುವಾಗಿನ ಭರಿಸು, ಲ್ಯಾಟಿನ್‌ನ ಫೆರೋ ಜೊತೆ ಹುಟ್ಟಿದ್ದು. ಪದದ ಆರಂಭದಲ್ಲಿ ಸಂಸ್ಕೃತಕ್ಕೆ ಭ ಇರುವ ಕಡೆ ಲ್ಯಾಟಿನ್‌ಗೆ ಫ ಬರುತ್ತದೆ. ಭ್ರಾತೃ ಅಲ್ಲಿ ಫ್ರಾತೆರ್. ತುಲಾ ಎಂಬುದು ಎತ್ತು, ತೂಗು ಎಂಬ ಅರ್ಥದ ಬೇರಿನದು, ಲ್ಯಾಟಿನ್‌ನ ತುಲೀ ಅದರದೇ ಬಳಗ. ಲಾತುಮ್ ಕೂಡ ಅದೇ ಬೇರು, ಹಿಂದೆ ತ್ಲಾತುಮ್ ಇದ್ದದ್ದು ತ ಬಿದ್ದುಹೋಗಿ ಲಾತುಮ್ ಆಗಿದೆ. ಅಂದರೆ ಬೇರು ಎರಡೇ, ಒಂದು ಹೊರುವುದು, ಒಂದು ಎತ್ತುವುದು. ರೋಮನ್ನರು ಅವೆರಡನ್ನೂ ಒಂದು ಕ್ರಿಯಾಪದದಲ್ಲಿ ಇಟ್ಟುಕೊಂಡರು. ನಾವು ಅವೆರಡನ್ನೂ ಒಂದು ಸಮಾಸದಲ್ಲಿ ಇಟ್ಟುಕೊಂಡಿದ್ದೇವೆ. ಈಗ ಯಾರಿಗಾದರೂ ಈ ಕ್ರಿಯಾಪದ ಕಲಿಸುವಾಗ ಮೊದಲು ತುಲಾಭಾರ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹಳಗನ್ನಡದಲ್ಲಿ ಹೊರು ಎಂಬುದು ಪೊಱು. ಪೊಱು, ಫೆರೋ, ಕೇಳಲು ಒಂದೇ ಥರ ಇದೆ, ಅರ್ಥವೂ ಒಂದೇ. ತೂಕ ಎಂಬುದೂ ತುಲಾ ಹತ್ತಿರ ಸುಳಿಯುತ್ತದೆ. ನನಗೂ ಒಂದು ವಾರ ತುಂಬ ಉತ್ಸಾಹ ಬಂದಿತ್ತು. ಆದರೆ ಪೊಱು, ತೂಕ ಎರಡೂ ಅಚ್ಚ ದ್ರಾವಿಡ ಪದಗಳು. ಫೆರೋದ ಫ ಬಂದಿರುವುದು ಭ ಇಂದ, ಪ ಇಂದ ಅಲ್ಲ. ಭಾರ, ತುಲಾ ನಮಗೆ ಸಂಸ್ಕೃತದಿಂದ ಬಂದವು, ಆ ದಾರಿಯಲ್ಲಿ ಮಾತ್ರ ಲ್ಯಾಟಿನ್ ಜೊತೆ ನೆಂಟಸ್ತಿಕೆ ಇದೆ. ಕೇಳಲು ಚೆನ್ನಾಗಿದೆ ಅಂತ ಇಲ್ಲದ ನೆಂಟಸ್ತಿಕೆ ಕಟ್ಟಿದರೆ ಎರಡೂ ಭಾಷೆಗೆ ಅನ್ಯಾಯ.

ಎರಡು ಬೇರು ಸ್ಪಷ್ಟವಾದ ಮೇಲೆ ಉಪಸರ್ಗ ಸೇರಿದ ಪದಗಳು ತಾವಾಗೇ ಬಿಡಿಸಿಕೊಂಡವು. ಕಾಲೇಜಿನಲ್ಲಿ ದಿನಾ ಕಿವಿಗೆ ಬೀಳುವ ಪದಗಳನ್ನೇ ತೆಗೆದುಕೊಳ್ಳಿ. ಟ್ರಾನ್ಸ್‌ಫರ್ ಮತ್ತು ಟ್ರಾನ್ಸ್‌ಲೇಟ್ ಒಂದೇ ಕ್ರಿಯಾಪದ, ಒಂದು ಫೆರೋದಿಂದ, ಇನ್ನೊಂದು ಲಾತುಮ್‌ನಿಂದ. ಆ ದಡಕ್ಕೆ ಹೊತ್ತೊಯ್ಯುವುದು. ರೆಫರ್ ಮತ್ತು ರಿಲೇಟ್ ಇನ್ನೊಂದು ಜೋಡಿ. ಆಫರ್ ಅಂದರೆ ಎದುರಿಗೆ ತಂದಿಡುವುದು. ಲೆಜಿಸ್ಲೇಟರ್ ಎಂಬುದರ ಕೊನೆಯಲ್ಲಿರುವುದೂ ಲಾತುಮ್‌ನ ಲಾತ್, ರೋಮ್‌ನಲ್ಲಿ ಕಾನೂನನ್ನು ಸಭೆಯ ಮುಂದೆ ತರುವುದಕ್ಕೆ ಲೇಗೆಮ್ ಫೆರ್ರೆ ಅನ್ನುತ್ತಿದ್ದರು.

ಇವುಗಳಲ್ಲಿ ನನ್ನ ಕೆಲಸಕ್ಕೆ ಹತ್ತಿರವಾದದ್ದು ಕೊನ್‌ಫೆರ್. ಕೊನ್ ಅಂದರೆ ಒಟ್ಟಿಗೆ, ಫೆರ್ ಅಂದರೆ ತಾ. ಒಟ್ಟಿಗೆ ತಂದಿಟ್ಟು ನೋಡು. ಒಣಗಿಸಿದ ಗಿಡದ ಹಾಳೆಗಳ ಮೇಲೆ, ಗುರುತು ಖಚಿತವಿಲ್ಲದಿದ್ದಾಗ, ಕುಲದ ಹೆಸರು ಮತ್ತು ಪ್ರಭೇದದ ಹೆಸರಿನ ನಡುವೆ ಸಿ.ಎಫ್. ಎಂದು ಬರೆಯುತ್ತೇವೆ. ಅದು ಕೊನ್‌ಫೆರ್ ಪದದ ಮೊಟಕು ರೂಪ. ಹದಿನೆಂಟು ವರ್ಷ ಬರೆದಿದ್ದೇನೆ. ಅದು ಒಂದು ಆಜ್ಞೆ ಎಂದು ನನಗೆ ಗೊತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅದೇ ಜೇನಿನ ಮನೆಯ ಹುಡುಗ ಒಂದು ಕೊಂಬೆ ತಂದ. ಈಗ ಅವನು ಕಾಡುಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ. ಬೀಡಿ ಎಲೆಯ ಮರ ಇರುವ ಡಯೋಸ್ಪೈರಸ್ ಕುಲದ್ದೇ ಕೊಂಬೆ ಅದು, ಎಲೆ ನುಣುಪು, ಹೂವಿಲ್ಲ, ಕಾಯಿಲ್ಲ. ಕರಿಮರ, ಅಂದರೆ ಡಯೋಸ್ಪೈರಸ್ ಎಬೆನಮ್, ಇರಬಹುದೇ ಅಂತ ಅವನಿಗೆ ಅನುಮಾನ. ಅವನಿಗೆ ನನ್ನ ನೋಟ್‌ಬುಕ್‌ನ ಒಂದು ಪುಟ ತೋರಿಸಿದೆ. ಯಾವ ನೆಲ ಯಾವ ಮರ ಹೊರುತ್ತದೆ ಎಂದು ವರ್ಜಿಲ್ ತನ್ನ ಕೃಷಿಕಾವ್ಯದಲ್ಲಿ ಹೇಳುವ ಸಾಲು: ಸೋಲ ಇಂದಿಯ ನಿಗ್ರುಮ್ ಫೆರ್ತ್ ಹೆಬೆನುಮ್. ಕಪ್ಪು ಕರಿಮರ ಹೊರುವುದು ಇಂಡಿಯಾ ಒಂದೇ. ಆ ಮಾತು ಪೂರ್ತಿ ನಿಜವಲ್ಲ, ಇಥಿಯೋಪಿಯಾದವರು ಅಂಥ ಮರದ ದಿಮ್ಮಿಗಳನ್ನು ಕಪ್ಪವಾಗಿ ಕೊಡುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ವರ್ಜಿಲ್‌ಗಿಂತ ನಾನೂರು ವರ್ಷ ಮುಂಚೆಯೇ ಬರೆದಿದ್ದ. ಆದರೂ ನಮ್ಮ ಕಡೆಯ ಮರವೊಂದು ಆ ಸಾಲಿನಲ್ಲಿ ಫೆರ್ತ್ ಪಕ್ಕ ನಿಂತಿರುವುದು ನೋಡಿ ಅವನ ಮುಖ ಅರಳಿತು.

ಬೀರುವಿನಿಂದ ಹಳೆಯ ಕರಿಮರದ ಹಾಳೆ ತೆಗೆದು ಅವನ ಕೊಂಬೆಯ ಪಕ್ಕ ಇಟ್ಟೆವು. ಎಲೆಯ ತುದಿ, ನರ, ತೊಟ್ಟು, ಒಂದೊಂದಾಗಿ ಲೆನ್ಸ್‌ನಲ್ಲಿ ನೋಡಿದೆವು. ಸುಮಾರು ಹೋಲುತ್ತಿತ್ತು, ಆದರೆ ಹೂವಿಲ್ಲದೆ ಖಚಿತವಾಗಿ ಹೇಳುವಂತಿರಲಿಲ್ಲ. ಲೇಬಲ್ ನಾನೇ ಬರೆದೆ: ಡಯೋಸ್ಪೈರಸ್ ಸಿ.ಎಫ್. ಎಬೆನಮ್. ಹೂ ಬಿಡುವ ಕಾಲಕ್ಕೆ ಅವನು ಮತ್ತೆ ಆ ಮರದ ಹತ್ತಿರ ಹೋಗಬೇಕು.